ಮೇಸ್ತ್ರಿಯ ಮೂಲೆಮಟ್ಟ ತಿಳಿದುಕೊಂಡು ಲಂಡನ್ನಿನ ಫ್ರೀಮೇಸನ್ಸ್ ಹಾಲ್ ನೋಡುವುದು

ಮೈಸೂರು, ಮಂಡ್ಯ ಕಡೆಯಿಂದ ಮಗಳ ಮನೆಗೋ ಮಗನ ಮನೆಗೋ ಎಂದು ಲಂಡನ್ನಿಗೆ ಹೋಗಿ, ಎರಡು ಮೂರು ತಿಂಗಳು ಇದ್ದು ಬರುವ ಹಿರಿಯರು ಈಗ ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಹೋದ ಮೊದಲ ಒಂದೆರಡು ವಾರಾಂತ್ಯಗಳಲ್ಲಿ ಮಕ್ಕಳು ಅರಮನೆ, ಗಡಿಯಾರದ ಗೋಪುರ, ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿ, ಇವಿಷ್ಟನ್ನು ತೋರಿಸುತ್ತಾರೆ. ಆಮೇಲೆ, ಅವರು ಕೆಲಸಕ್ಕೆ ಹೋಗುವ ದಿನಗಳಲ್ಲಿ ನಾವೇ ಹೋಗಿ ನಿಧಾನವಾಗಿ ನೋಡಬಹುದಾದ ಸ್ಥಳ ಯಾವುದು ಎಂಬ ಪ್ರಶ್ನೆ ಏಳುತ್ತದೆ. ನಗರದ ನಡುವೆಯೇ ಇರುವ, ಪ್ರವೇಶ ಶುಲ್ಕವಿಲ್ಲದ, ಮಳೆ ಹಿಡಿದರೂ ತೊಂದರೆಯಾಗದ ಫ್ರೀಮೇಸನ್ಸ್ ಹಾಲ್ ಮತ್ತು ಅದರೊಳಗಿನ ಫ್ರೀಮೇಸನ್ರಿ ಸಂಗ್ರಹಾಲಯವನ್ನು ನಾನು ಯಾವ ಸಂಕೋಚವೂ ಇಲ್ಲದೆ ಸೂಚಿಸುತ್ತೇನೆ.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಏನನ್ನೂ ತಿಳಿದುಕೊಳ್ಳದೆ ಹೋದದ್ದರಿಂದ ಗಾಜಿನ ಕಪಾಟುಗಳ ತುಂಬ ಪದಕ, ಪಟ್ಟಿ, ಬಟ್ಟಲುಗಳನ್ನು ಕಂಡು, ಎಲ್ಲವೂ ಒಂದೇ ರೀತಿ ಇವೆಯಲ್ಲ ಎಂದುಕೊಂಡು ಅರ್ಧ ಗಂಟೆಯಲ್ಲಿ ಹೊರಗೆ ಬಂದೆ. ಎರಡನೆಯ ಸಲ ಹೋಗುವ ಹೊತ್ತಿಗೆ ಮೈಸೂರಿನಲ್ಲಿ ನಮ್ಮ ಮನೆಯ ಹಿಂಭಾಗಕ್ಕೆ ಎರಡು ಕೋಣೆ ಸೇರಿಸುವ ಕೆಲಸ ಮುಗಿದಿತ್ತು. ಆ ಕೆಲಸಕ್ಕೆ ಬಂದಿದ್ದ ಮದ್ದೂರು ಕಡೆಯ ಗಾರೆ ಮೇಸ್ತ್ರಿಯೊಬ್ಬರ ಪಕ್ಕದಲ್ಲಿ ನಾಲ್ಕು ತಿಂಗಳು ನಿಂತು ನೋಡಿದ್ದೇ ನನಗೆ ಆ ಸಂಗ್ರಹಾಲಯದ ಬೀಗದ ಕೈಯಾಯಿತು. ಈ ಲೇಖನದಲ್ಲಿ ದಾರಿ, ಸಮಯ, ಟಿಕೆಟ್ಟಿನ ವಿಷಯ ಇದ್ದರೂ, ಹೆಚ್ಚು ಜಾಗ ಕೊಟ್ಟಿರುವುದು ಆ ಬೀಗದ ಕೈಗೆ.

ಮೊದಲ ಹೆಜ್ಜೆ: ಇದು ಯಾರ ಮನೆ ಎಂದು ತಿಳಿಯುವುದು

ಫ್ರೀಮೇಸನ್ನರದು ಒಂದು ಸಹೋದರ ಸಂಘ. ಕಲ್ಲುಕುಟಿಗರ, ಕಟ್ಟಡ ಕೆಲಸದವರ ಕಸುಬಿನ ಮಾತುಗಳನ್ನೂ ಹತ್ಯಾರುಗಳನ್ನೂ ನಡತೆಯ ಪಾಠಗಳಿಗೆ ಸಂಕೇತವಾಗಿ ಬಳಸುವುದು ಅದರ ಮುಖ್ಯ ಲಕ್ಷಣ. ಸದಸ್ಯರು ಕೂಡುವ ಘಟಕಕ್ಕೆ ಲಾಡ್ಜ್ ಎಂದು ಹೆಸರು. ನಮ್ಮಲ್ಲಿ ಲಾಡ್ಜ್ ಎಂದರೆ ಬಸ್ ನಿಲ್ದಾಣದ ಎದುರಿನ ವಸತಿಗೃಹವಾದ್ದರಿಂದ, ಸಂಗ್ರಹಾಲಯದ ಫಲಕಗಳನ್ನು ಓದುವಾಗ ಈ ಅರ್ಥವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಳೆಯ ಕಾಲದಲ್ಲಿ ದೊಡ್ಡ ದೇವಾಲಯ ಕಟ್ಟುವಾಗ ಕಲ್ಲುಕುಟಿಗರು ಪಕ್ಕದಲ್ಲೇ ಹಾಕಿಕೊಳ್ಳುತ್ತಿದ್ದ ಕೆಲಸದ ಕೊಟ್ಟಿಗೆಗೆ ಇಂಗ್ಲೆಂಡಿನಲ್ಲಿ ಆ ಹೆಸರಿತ್ತು. ಲಾಡ್ಜಿನ ಮುಖ್ಯಸ್ಥನನ್ನು ಮಾಸ್ಟರ್ ಎನ್ನುತ್ತಾರೆ. ಪೋರ್ಚುಗೀಸರಿಂದ ನಮಗೆ ಬಂದ ಮೇಸ್ತ್ರಿ ಎಂಬ ಮಾತೂ ಈ ಮಾಸ್ಟರ್ ಎಂಬ ಮಾತೂ ಒಂದೇ ಲ್ಯಾಟಿನ್ ಬೇರಿನವು. ಹಾಗಾಗಿ ಲಾಡ್ಜಿನ ಮಾಸ್ಟರನನ್ನು ಮನಸ್ಸಿನಲ್ಲಿ ಮೇಸ್ತ್ರಿ ಎಂದೇ ಅನುವಾದಿಸಿಕೊಂಡರೆ ತಪ್ಪೇನೂ ಇಲ್ಲ.

ಸಂಘದ ಪರಂಪರೆ ಹೇಳುವಂತೆ, 1717ರ ಜೂನ್ 24ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಹತ್ತಿರದ ಒಂದು ಪಾನಗೃಹದಲ್ಲಿ ನಾಲ್ಕು ಲಾಡ್ಜುಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜನ್ನು, ಅಂದರೆ ಲಾಡ್ಜುಗಳ ಮೇಲಿನ ಆಡಳಿತ ಸಂಸ್ಥೆಯನ್ನು, ಕಟ್ಟಿದವು. 1723ರಲ್ಲಿ ಜೇಮ್ಸ್ ಆಂಡರ್ಸನ್ ಸಿದ್ಧಪಡಿಸಿದ ನಿಯಮಗ್ರಂಥ ಅಚ್ಚಾಯಿತು. 1751ರಲ್ಲಿ ಪ್ರತಿಸ್ಪರ್ಧಿಯಾಗಿ ಇನ್ನೊಂದು ಗ್ರ್ಯಾಂಡ್ ಲಾಡ್ಜ್ ಹುಟ್ಟಿ, ಅರವತ್ತು ವರ್ಷಗಳ ಪೈಪೋಟಿಯ ನಂತರ 1813ರ ಡಿಸೆಂಬರಿನಲ್ಲಿ ಎರಡೂ ಒಂದಾಗಿ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡ್ ಆಯಿತು. ನಾವು ನೋಡಲು ಹೋಗುವ ಕಟ್ಟಡ ಅದರ ಕೇಂದ್ರ ಕಚೇರಿ. ಅದೇ ಬೀದಿಯಲ್ಲಿ 1770ರ ದಶಕದಿಂದ ಒಂದರ ನಂತರ ಒಂದರಂತೆ ಅವರ ಸಭಾಭವನಗಳು ಇದ್ದುವು, ಈಗಿನದು ಮೂರನೆಯದು.

ಈ ಸಂಘ ಗಂಡಸರದು, ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಪ್ರತ್ಯೇಕವಾದ ಗ್ರ್ಯಾಂಡ್ ಲಾಡ್ಜುಗಳಿವೆ. ಆದರೆ ಸಂಗ್ರಹಾಲಯಕ್ಕೆ ಹೆಂಗಸರು, ಗಂಡಸರು, ಮಕ್ಕಳು, ಸದಸ್ಯರು, ಸದಸ್ಯರಲ್ಲದವರು ಯಾರು ಬೇಕಾದರೂ ಹೋಗಬಹುದು. ಹೆಂಗಸಾದ ನನ್ನನ್ನು ಅಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದ ಲಾಡ್ಜ್ ಕಟ್ಟಡಗಳನ್ನು ಜನ ಜಾದೂಘರ್ ಎಂದೋ ಭೂತಬಂಗಲೆ ಎಂದೋ ಕರೆದು ದೂರ ಇದ್ದದ್ದುಂಟು. ಆ ಅಂಜಿಕೆಯನ್ನು ಇಟ್ಟುಕೊಂಡು ಹೋದರೆ ಕಣ್ಣು ಗುಟ್ಟನ್ನೇ ಹುಡುಕುತ್ತಾ ಎದುರಿಗಿರುವುದನ್ನು ಬಿಟ್ಟುಬಿಡುತ್ತದೆ ಎಂಬ ಕಾರಣಕ್ಕೆ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಎರಡನೆಯ ಹೆಜ್ಜೆ: ಊರಿನಲ್ಲೇ ಹತ್ಯಾರುಗಳ ಪರಿಚಯ ಮಾಡಿಕೊಳ್ಳುವುದು

ಹೊರಡುವ ಮೊದಲು ನಿಮ್ಮ ಬೀದಿಯಲ್ಲಿ ಎಲ್ಲಿಯಾದರೂ ಮನೆ ಕಟ್ಟುತ್ತಿದ್ದರೆ ಒಂದು ಬೆಳಿಗ್ಗೆ ಅಲ್ಲಿ ನಿಂತು ನೋಡಿ. ಗೋಡೆಯ ಮೂಲೆ ಸರಿಯಾಗಿದೆಯೇ ಎಂದು ನೋಡುವ ಮೂಲೆಮಟ್ಟ, ಸಾಲು ಸಮವಾಗಿದೆಯೇ ಎಂದು ನೋಡುವ ಮಟ್ಟ, ಗೋಡೆ ನೆಟ್ಟಗೆ ಎದ್ದಿದೆಯೇ ಎಂದು ತೋರಿಸುವ ತೂಗುಗುಂಡು, ಈ ಮೂರನ್ನು ಗುರುತಿಸಲು ಬಂದರೆ ಸಂಗ್ರಹಾಲಯದ ಅರ್ಧ ಭಾಗ ಓದಲು ಬಂದಂತೆ. ಇಂಗ್ಲೆಂಡಿನ ಲಾಡ್ಜುಗಳಲ್ಲಿ ಪದಾಧಿಕಾರಿಗಳು ಕೊರಳಪಟ್ಟಿಯಲ್ಲಿ ತೂಗುಹಾಕಿಕೊಳ್ಳುವ ಪದಕಕ್ಕೆ ಜ್ಯೂವೆಲ್ ಎನ್ನುತ್ತಾರೆ, ಅದರಲ್ಲಿ ಹವಳ ಮುತ್ತುಗಳು ಇರಲೇಬೇಕೆಂದಿಲ್ಲ. ಮಾಸ್ಟರನ ಪದಕ ಮೂಲೆಮಟ್ಟ. ಅವನ ಕೆಳಗಿನ ಹಿರಿಯ ವಾರ್ಡನನದು ಮಟ್ಟ, ಕಿರಿಯ ವಾರ್ಡನನದು ತೂಗುಗುಂಡು. ಕಾರ್ಯದರ್ಶಿಗೆ ಅಡ್ಡಲಾಗಿಟ್ಟ ಎರಡು ಲೇಖನಿಗಳು, ಖಜಾಂಚಿಗೆ ಬೀಗದ ಕೈ, ಬಾಗಿಲ ಹೊರಗೆ ಕಾವಲಿರುವ ಟೈಲರನಿಗೆ ಒಂದು ಕತ್ತಿ, ಬಾಗಿಲ ಒಳಗೆ ಕಾವಲಿರುವವನಿಗೆ ಅಡ್ಡಲಾಗಿಟ್ಟ ಎರಡು ಕತ್ತಿ, ಸಂದೇಶ ಒಯ್ಯುವ ಡೀಕನ್ನರಿಗೆ ಆಲಿವ್ ಕಡ್ಡಿ ಕಚ್ಚಿದ ಪಾರಿವಾಳ. ಇಷ್ಟು ತಿಳಿದಿದ್ದರೆ ನೂರಾರು ಪದಕಗಳಿರುವ ಕಪಾಟಿನ ಮುಂದೆ ನಿಂತಾಗ ಯಾವುದು ಯಾರದ್ದೆಂದು ಫಲಕ ಓದದೆಯೇ ಹೇಳಬಹುದು.

ಅವರ ಮೂರು ಮೆಟ್ಟಿಲುಗಳಿಗೂ ಹತ್ಯಾರುಗಳ ಲೆಕ್ಕವೇ ಇದೆ. ಹೊಸದಾಗಿ ಸೇರಿದವನು ಎಂಟರ್ಡ್ ಅಪ್ರೆಂಟಿಸ್, ಅಂದರೆ ಕೆಲಸ ಕಲಿಯಲು ಬಂದ ಹುಡುಗ. ಅವನ ಹತ್ಯಾರುಗಳು 24 ಅಂಗುಲದ ಅಳತೆಕೋಲು, ಸುತ್ತಿಗೆ, ಉಳಿ. 24 ಅಂಗುಲವೆಂದರೆ ದಿನದ 24 ಗಂಟೆ, ಅದನ್ನು ಪ್ರಾರ್ಥನೆಗೆ, ದುಡಿಮೆಗೆ, ಇತರರ ನೆರವಿಗೆ ಹಂಚಿಕೊಳ್ಳಬೇಕೆಂಬ ಪಾಠ. ಎರಡನೆಯ ಮೆಟ್ಟಿಲಿನವನು ಫೆಲೋ ಕ್ರಾಫ್ಟ್. ಮೂಲೆಮಟ್ಟ, ಮಟ್ಟ, ತೂಗುಗುಂಡು ಅವನವು. ಮೂರನೆಯ ಮೆಟ್ಟಿಲಿನ ಮಾಸ್ಟರ್ ಮೇಸನನಿಗೆ ಸ್ಕಿರೆಟ್, ಪೆನ್ಸಿಲ್, ಕೈವಾರ. ಸ್ಕಿರೆಟ್ ಎಂಬ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಪಾಯದ ಗುರುತು ಹಾಕುವಾಗ ನಮ್ಮವರು ಗೂಟದಿಂದ ಗೂಟಕ್ಕೆ ದಾರ ಎಳೆಯುತ್ತಾರಲ್ಲ, ಆ ದಾರವನ್ನು ಸುತ್ತಿಟ್ಟುಕೊಳ್ಳುವ ಉಪಕರಣವೇ ಅದು. ಹತ್ಯಾರುಗಳ ಕ್ರಮ ಗಮನಿಸಿದರೆ ಕಲಿಯುವ ಹುಡುಗ ಕಲ್ಲು ಒಡೆಯುತ್ತಾನೆ, ನುರಿತವನು ಇಟ್ಟ ಕಲ್ಲನ್ನು ಪರೀಕ್ಷಿಸುತ್ತಾನೆ, ಮೇಸ್ತ್ರಿ ನಕ್ಷೆ ಹಾಕುತ್ತಾನೆ. ನಮ್ಮ ಮನೆಯ ಕೆಲಸದಲ್ಲಿ ಇದೇ ಕ್ರಮವನ್ನು ನಾನು ದಿನವೂ ನೋಡಿದ್ದೆ. ಗಿಲಾವಿಗೆ ಬಳಸುವ ಕರಣೆ ಮಾತ್ರ ಈ ಮೂರು ಪಟ್ಟಿಗಳಲ್ಲಿಲ್ಲ. ಅದನ್ನು ನೋಡಬೇಕಾದರೆ ಅಡಿಗಲ್ಲು ಇಡುವ ಸಮಾರಂಭಗಳಿಗಾಗಿ ಬೆಳ್ಳಿಯಲ್ಲಿ ಮಾಡಿಸಿದ ಕರಣೆಗಳನ್ನು ಹುಡುಕಬೇಕು.

ಹಿಂದಿನ ಮಾಸ್ಟರುಗಳ ಪದಕ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಮೂಲೆಮಟ್ಟದ ಕೆಳಗೆ ಪುಟ್ಟ ಬೆಳ್ಳಿಯ ತಗಡಿನಲ್ಲಿ ಒಂದು ರೇಖಾಚಿತ್ರ ತೂಗುತ್ತಿರುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಯೂಕ್ಲಿಡ್ಡನ ಮೊದಲ ಪುಸ್ತಕದ 47ನೆಯ ಪ್ರಮೇಯ, ಅಂದರೆ ನಾವು ಒಂಬತ್ತು ಹತ್ತನೆಯ ತರಗತಿಯಲ್ಲಿ ಬಿಡಿಸಿದ ಪೈಥಾಗೊರಸನ ಪ್ರಮೇಯದ ಚಿತ್ರ. ಲಂಬಕೋನ ತ್ರಿಭುಜದ ಮೂರು ಬಾಹುಗಳ ಮೇಲೆ ಮೂರು ಚೌಕಗಳು. ಇದು ಇಲ್ಲಿ ಏಕೆ ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಮನೆಯ ಪಾಯದ ಹತ್ತಿರ. ಮೇಸ್ತ್ರಿ ಒಂದು ಗೋಡೆಯ ದಾರದ ಮೇಲೆ ಮೂಲೆಯಿಂದ 3 ಅಡಿಗೆ ಗುರುತು ಹಾಕಿ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ, ಎರಡು ಗುರುತುಗಳ ನಡುವೆ ಟೇಪು ಹಿಡಿದು 5 ಅಡಿ ಬರುವವರೆಗೂ ದಾರವನ್ನು ಅತ್ತಿತ್ತ ಸರಿಸಿದರು. ಪ್ರಮೇಯದ ಹೆಸರು ಅವರಿಗೆ ಬೇಕಿರಲಿಲ್ಲ. "ಮೂಲೆ ಕೂತ್ರೆ ಮನೆ ಕೂತಂಗೆ ಕಣಮ್ಮ" ಎಂದಷ್ಟೇ ಅಂದರು. ಕಟ್ಟಡದ ಕಸುಬಿನಲ್ಲಿ ಈ ಪ್ರಮೇಯಕ್ಕೆ ಎಂತಹ ಗೌರವ ಇರಬೇಕೆಂಬುದು ಆ ಒಂದು ಮಾತಿನಿಂದ ತಿಳಿಯಿತು. ಆ ಪದಕದ ಮುಂದೆ ಐದು ನಿಮಿಷವಾದರೂ ನಿಲ್ಲಿ.

ಸಾಧ್ಯವಾದರೆ ಸೋಮನಾಥಪುರಕ್ಕೂ ಒಂದು ಸುತ್ತು ಹೋಗಿ ಬನ್ನಿ. 1268ರ ಆ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಯುರೋಪಿನ ಕಲ್ಲುಕುಟಿಗರೂ ತಾವು ಹದಮಾಡಿದ ಕಲ್ಲಿನ ಮೇಲೆ ತಮ್ಮ ಗುರುತು ಹಾಕುತ್ತಿದ್ದರು. ಲಾಡ್ಜಿನಲ್ಲಿ ಇಡುವ ಎರಡು ಕಲ್ಲುಗಳನ್ನು, ಅಂದರೆ ಗಣಿಯಿಂದ ತಂದಂತೆಯೇ ಇರುವ ಒರಟು ಕಲ್ಲನ್ನೂ ಆರು ಮುಖವೂ ಹದವಾದ ಕಲ್ಲನ್ನೂ ನೋಡುವಾಗ ಇದು ನೆನಪಾದರೆ ಸಾಕು.

ಮೂರನೆಯ ಹೆಜ್ಜೆ: ದಿನ ಗೊತ್ತುಮಾಡುವುದು

ವೀಸಾ, ವಿಮಾನದ ವಿಷಯ ಮಕ್ಕಳಿಗೆ ಗೊತ್ತಿರುತ್ತದೆ, ಮೈಸೂರಿನಿಂದ ನೇರವಾಗಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ಸು ಇದೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೇಳಬೇಕಾದದ್ದು ಕಟ್ಟಡದ ಒಳಗಿನ ವೇಳಾಪಟ್ಟಿಯ ಬಗ್ಗೆ. ಸಂಗ್ರಹಾಲಯ ಸಾಮಾನ್ಯವಾಗಿ ಸೋಮವಾರದಿಂದ ಶನಿವಾರದವರೆಗೆ ಹಗಲು ಹೊತ್ತು ತೆರೆದಿರುತ್ತದೆ, ಭಾನುವಾರವನ್ನೂ ಅಲ್ಲಿನ ಸಾರ್ವಜನಿಕ ರಜೆಗಳನ್ನೂ ಬಿಟ್ಟು ದಿನ ಗೊತ್ತುಮಾಡಿ. ಸಂಗ್ರಹಾಲಯಕ್ಕೆ ಟಿಕೆಟ್ ಬೇಡ. ಆದರೆ ಗ್ರ್ಯಾಂಡ್ ಟೆಂಪಲ್ ಎಂಬ ಮಹಾಸಭಾಂಗಣವನ್ನು ನಾವೇ ಹೋಗಿ ನೋಡುವಂತಿಲ್ಲ, ಮಾರ್ಗದರ್ಶಕರ ಜೊತೆಗಿನ ಸುತ್ತಾಟದಲ್ಲಿಯೇ ಹೋಗಬೇಕು. ಅದನ್ನು ಸಂಗ್ರಹಾಲಯದ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಿಕೊಳ್ಳಿ, ಶುಲ್ಕದ ವಿವರವೂ ಸಮಯವೂ ಅಲ್ಲಿಯೇ ಕಾಣುತ್ತವೆ.

ಇದು ಬರಿಯ ಸಂಗ್ರಹಾಲಯವಲ್ಲ, ಇಪ್ಪತ್ತಕ್ಕೂ ಹೆಚ್ಚು ಲಾಡ್ಜ್ ಕೋಣೆಗಳಿರುವ, ದಿನವೂ ಸಭೆಗಳು ನಡೆಯುವ ಕಟ್ಟಡ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳ ಎರಡನೆಯ ಬುಧವಾರ ಗ್ರ್ಯಾಂಡ್ ಲಾಡ್ಜಿನ ತ್ರೈಮಾಸಿಕ ಸಭೆಯೂ ಏಪ್ರಿಲ್ ಕೊನೆಯ ಬುಧವಾರ ವಾರ್ಷಿಕ ಪದಗ್ರಹಣವೂ ನಡೆಯುವ ರೂಢಿ. ಆ ದಿನಗಳನ್ನು ಬಿಡಿ. ನನ್ನ ಮಟ್ಟಿಗೆ ಮಂಗಳವಾರ ಅಥವಾ ಗುರುವಾರದ ಬೆಳಿಗ್ಗೆ ಒಳ್ಳೆಯದು: ಬೆಳಿಗ್ಗೆಯೇ ಸುತ್ತಾಟ ಮುಗಿಸಿ, ಮಧ್ಯಾಹ್ನ ಕಪಾಟುಗಳ ಮುಂದೆ ಯಾರ ಅವಸರವೂ ಇಲ್ಲದೆ ನಿಲ್ಲಬಹುದು.

ನಾಲ್ಕನೆಯ ಹೆಜ್ಜೆ: ದಾರಿ

ವಿಳಾಸ ಗ್ರೇಟ್ ಕ್ವೀನ್ ಸ್ಟ್ರೀಟ್, ಕಾವೆಂಟ್ ಗಾರ್ಡನ್ ಮತ್ತು ಹೋಬರ್ನ್ ನಡುವೆ. ಪಿಕಾಡಿಲಿ ಮಾರ್ಗದ ಭೂಗತ ರೈಲಿನಲ್ಲಿ ಈ ಎರಡು ಹೆಸರಿನ ನಿಲ್ದಾಣಗಳಲ್ಲಿ ಎಲ್ಲಿ ಇಳಿದರೂ ಐದಾರು ನಿಮಿಷದ ನಡಿಗೆ. ಮಂಡಿನೋವು ಇರುವವರು ಹೋಬರ್ನಿನಲ್ಲಿ ಇಳಿಯುವುದು ಮೇಲು, ಅಲ್ಲಿ ಚಲಿಸುವ ಮೆಟ್ಟಿಲುಗಳಿವೆ. ಕಾವೆಂಟ್ ಗಾರ್ಡನಿನಲ್ಲಿ ಲಿಫ್ಟಿಗೆ ಕಾಯಬೇಕು, ಕಾಯದೆ ಸುರುಳಿ ಮೆಟ್ಟಿಲು ಹತ್ತಲು ಹೋದರೆ 193 ಮೆಟ್ಟಿಲುಗಳು. ಗಾಲಿಕುರ್ಚಿಯವರಿಗೆ ಇವೆರಡೂ ಬೇಡ. ಎಲಿಜಬೆತ್ ಮಾರ್ಗದ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣದಲ್ಲಿ ರಸ್ತೆಯವರೆಗೂ ಲಿಫ್ಟ್ ಇದೆ, ಅಲ್ಲಿಂದ ಸುಮಾರು ಕಾಲು ಗಂಟೆಯ ದಾರಿ. ಹಣಕ್ಕೆ ಆಯ್‌ಸ್ಟರ್ ಕಾರ್ಡು ಮಾಡಿಸಿಕೊಂಡರೆ ಪ್ರತಿ ಸಲ ಟಿಕೆಟ್ ಕೊಳ್ಳುವ ತಾಪತ್ರಯ ಇರುವುದಿಲ್ಲ.

ಹೋಬರ್ನಿನಿಂದ ಕಿಂಗ್ಸ್‌ವೇ ಎಂಬ ಅಗಲವಾದ ರಸ್ತೆಯಲ್ಲಿ ದಕ್ಷಿಣಕ್ಕೆ ಸ್ವಲ್ಪ ನಡೆದು ಬಲಕ್ಕೆ ಹೊರಳಿದರೆ ಬೀದಿಯ ಕೊನೆಗೆ ಬಿಳಿಯ ಪೋರ್ಟ್‌ಲ್ಯಾಂಡ್ ಕಲ್ಲಿನ ಗೋಪುರ ಎದ್ದು ಕಾಣುತ್ತದೆ. ಕಟ್ಟಡದ ಸುತ್ತಳತೆ ನೋಡಿ ಬೆರಗಾಗುವುದು ಸಹಜ, ಅದು ನಿಂತಿರುವುದು ಸುಮಾರು ಎರಡೂಕಾಲು ಎಕರೆಯಲ್ಲಿ. ನಡು ಲಂಡನ್ನಿನಲ್ಲಿ ಎರಡೂಕಾಲು ಎಕರೆ ಎಂದರೆ ಏನೆಂಬುದು ಮಂಡ್ಯದ ಗದ್ದೆ ಲೆಕ್ಕ ತಿಳಿದವರಿಗೆ ಹೇಳಬೇಕಿಲ್ಲ. ಒಳಗೆ ಹೋಗುವ ಮೊದಲು ಎದುರಿನ ಕಾಲುದಾರಿಯಲ್ಲಿ ನಿಂತು ಗೋಪುರವನ್ನು ಒಮ್ಮೆ ಪೂರ್ತಿ ನೋಡಿ, ಹತ್ತಿರ ಹೋದ ಮೇಲೆ ಅದು ಕಣ್ಣಿಗೆ ಹಿಡಿಯುವುದಿಲ್ಲ. ಬಾಗಿಲಲ್ಲಿ ಚೀಲ ತೋರಿಸಬೇಕಾಗಬಹುದು, ಆದ್ದರಿಂದ ದೊಡ್ಡ ಚೀಲ ತರಬೇಡಿ.

ಐದನೆಯ ಹೆಜ್ಜೆ: ಕಪಾಟುಗಳನ್ನು ನೋಡುವ ಕ್ರಮ

ಸಂಗ್ರಹಾಲಯದಲ್ಲಿ ಮೂರು ಶತಮಾನಗಳ ಚರಿತ್ರೆಯನ್ನು ತೋರಿಸುವ ಗ್ಯಾಲರಿಯಿಂದ ಆರಂಭಿಸುವುದು ಸರಿ. ಅಲ್ಲಿ ಕಣ್ಣು ಮೊದಲು ಹೋಗುವುದು ಚಿನ್ನದ ಲೇಪದ ಒಂದು ಭಾರೀ ಸಿಂಹಾಸನದ ಕಡೆಗೆ. ಮೈಸೂರಿನವರು ಸಿಂಹಾಸನಗಳನ್ನು ನೋಡಿ ಬಲ್ಲವರಾದರೂ ಇದರ ಎತ್ತರ ಅಚ್ಚರಿ ಹುಟ್ಟಿಸುತ್ತದೆ. ಆಗ ಯುವರಾಜನಾಗಿದ್ದು ಮುಂದೆ ನಾಲ್ಕನೆಯ ಜಾರ್ಜ್ ಆದವನು ಗ್ರ್ಯಾಂಡ್ ಮಾಸ್ಟರ್ ಆದಾಗ, 1791ರಲ್ಲಿ ಅವನಿಗಾಗಿ ಮಾಡಿಸಿದ್ದು ಅದು. ಇದನ್ನು ನೋಡಿ ಮುಗಿಸಿ ಚಿಕ್ಕ ವಸ್ತುಗಳ ಕಡೆ ಬನ್ನಿ, ಏಕೆಂದರೆ ಈ ಸಂಗ್ರಹದ ನಿಜವಾದ ಸಾರ ಚಿಕ್ಕ ವಸ್ತುಗಳಲ್ಲಿದೆ.

ಸೊಂಟಕ್ಕೆ ಕಟ್ಟುವ ಏಪ್ರನ್ನುಗಳನ್ನು ಸಾಲಾಗಿ ನೋಡಿ. ಕಲ್ಲುಕುಟಿಗನು ಬಟ್ಟೆ ಹಾಳಾಗದಂತೆ ಕಟ್ಟಿಕೊಳ್ಳುತ್ತಿದ್ದ ತೊಗಲಿನ ಏಪ್ರನ್ನೇ ಇಲ್ಲಿ ಕುರಿಮರಿಯ ಬಿಳಿ ತೊಗಲಿನ ಗುರುತಾಗಿದೆ. ಕಲಿಯಲು ಬಂದವನದು ಬರಿ ಬಿಳಿ, ಎರಡನೆಯ ಮೆಟ್ಟಿಲಿನವನದಕ್ಕೆ ತಿಳಿನೀಲಿಯ ಎರಡು ಬಟ್ಟೆಹೂಗಳು, ಮೂರನೆಯವನದಕ್ಕೆ ಮೂರು ಹೂಗಳು ಮತ್ತು ತಿಳಿನೀಲಿಯ ಅಂಚು, ಗ್ರ್ಯಾಂಡ್ ಲಾಡ್ಜಿನ ಪದಾಧಿಕಾರಿಗಳದಕ್ಕೆ ಗಾಢ ನೀಲಿ ಮತ್ತು ಚಿನ್ನದ ಕಸೂತಿ. ಹಳೆಯ ಏಪ್ರನ್ನುಗಳಲ್ಲಿ ಕೈಯಿಂದ ಬರೆದ ಚಿತ್ರಗಳಿವೆ, ಸೂರ್ಯ ಚಂದ್ರ, ಕಂಬಗಳು, ಏಣಿ, ಕಣ್ಣು. ಬಣ್ಣ ಮಾಸಿದ್ದರೂ ಅವು ಈಗಿನ ಅಚ್ಚುಕಟ್ಟಾದ ಏಪ್ರನ್ನುಗಳಿಗಿಂತ ಹೆಚ್ಚು ಮಾತಾಡುತ್ತವೆ. 1901ರಲ್ಲಿ ಸದಸ್ಯನಾದ ವಿನ್‌ಸ್ಟನ್ ಚರ್ಚಿಲ್‌ನ ಏಪ್ರನ್ ಕೂಡ ಈ ಸಂಗ್ರಹದಲ್ಲಿದೆ, ಎಲ್ಲರೂ ಅದರ ಮುಂದೆ ಫೋಟೋ ತೆಗೆದುಕೊಳ್ಳುತ್ತಾರೆ. ಯುದ್ಧಕೈದಿಗಳು ಸೆರೆಯಲ್ಲಿ ಕೈಗೆ ಸಿಕ್ಕಿದ ಚೂರುಪಾರುಗಳಿಂದ ಮಾಡಿಕೊಂಡ ಪದಕಗಳ ಮುಂದೆ ನಿಲ್ಲುವವರು ಕಡಿಮೆ. ಆದರೆ ಕೈದಿಯಾಗಿದ್ದವನೊಬ್ಬ ತಗಡಿನ ತುಂಡಿನಲ್ಲಿ ಕೋನ ತಪ್ಪದ ಹಾಗೆ ಒಂದು ಮೂಲೆಮಟ್ಟವನ್ನು ಕತ್ತರಿಸಿಕೊಂಡನೆಂದರೆ ಆ ಗುರುತು ಅವನಿಗೆ ಏನಾಗಿತ್ತೆಂಬುದನ್ನು ಚಿನ್ನದ ಸಿಂಹಾಸನ ಹೇಳಲಾರದು. ಫೋಟೋ ತೆಗೆಯುವ ಮೊದಲು ಸಿಬ್ಬಂದಿಯನ್ನು ಕೇಳಿ, ಫ್ಲ್ಯಾಶ್ ಬಳಸಬೇಡಿ.

ಈ ಸಂಘದ ಚರಿತ್ರೆಯಲ್ಲಿ ನಮ್ಮ ಕಡೆಯವರು ತಿಳಿದಿರಬೇಕಾದ ಒಂದು ಎಳೆ ಇದೆ. 1770ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಆರ್ಕಾಟಿನ ನವಾಬನ ಹಿರಿಯ ಮಗ ಉಮ್ದತ್-ಉಲ್-ಉಮ್ರಾ ಫ್ರೀಮೇಸನ್ ಆದನು. ಹಾಗೆ ಸೇರಿದ ಮೊದಲ ಭಾರತೀಯರಲ್ಲಿ ಅವನೊಬ್ಬ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಸಂತೋಷಪಟ್ಟು ಅವನಿಗೆ ಏಪ್ರನ್ನನ್ನೂ ನಿಯಮಗ್ರಂಥವನ್ನೂ ಕಳುಹಿಸಿತು, ಅವನು ಪಾರಸಿಯಲ್ಲಿ ಉತ್ತರ ಬರೆದನು. ಆಮೇಲಿನ ಕಥೆ ಶ್ರೀರಂಗಪಟ್ಟಣಕ್ಕೆ ಬರುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಈಗ ನವಾಬನಾಗಿದ್ದ ಅದೇ ಉಮ್ದತ್-ಉಲ್-ಉಮ್ರಾ ಟಿಪ್ಪುವಿನೊಡನೆ ಗುಟ್ಟಾಗಿ ಪತ್ರ ವ್ಯವಹಾರ ನಡೆಸಿದ್ದನೆಂದು ಅಲ್ಲಿ ಸಿಕ್ಕಿದ ಕಾಗದಗಳ ಆಧಾರದಿಂದ ಕಂಪನಿಯವರು ಆರೋಪಿಸಿದರು. 1801ರಲ್ಲಿ ಅವನು ತೀರಿಕೊಂಡ ಕೂಡಲೇ ಕರ್ನಾಟಿಕ್ ರಾಜ್ಯವನ್ನು ವಶಪಡಿಸಿಕೊಂಡರು. ಸಹೋದರರ ಸಂಘದ ಏಪ್ರನ್ ರಾಜಕಾರಣದಲ್ಲಿ ಅವನ ಮನೆತನವನ್ನು ಉಳಿಸಲಿಲ್ಲ. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದು ಆಮೇಲೆ ಅಲ್ಲಿಯೇ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದಿನ ವೆಲ್ಲಿಂಗ್ಟನ್ ಡ್ಯೂಕ್, ತನ್ನ ಯೌವನದಲ್ಲಿ ಐರ್ಲೆಂಡಿನ ಟ್ರಿಮ್ ಊರಿನ ಲಾಡ್ಜನ್ನು ಸೇರಿದ್ದವನು ಎಂಬುದನ್ನೂ ಇದರ ಜೊತೆಗೆ ಇಟ್ಟು ನೋಡಬೇಕು.

ನೂರು ವರ್ಷಗಳ ನಂತರದ ಚಿತ್ರ ಬೇರೆ. 1872ರಲ್ಲಿ ಬಂಗಾಳದ ಪ್ರಸನ್ನಕುಮಾರ ದತ್ತ ಎಂಬ ಹಿಂದೂವನ್ನು ಬಹಳ ವಾದವಿವಾದದ ನಂತರ ಸೇರಿಸಿಕೊಂಡರು. 1884ರಲ್ಲಿ ಕಲ್ಕತ್ತೆಯ ಲಾಡ್ಜೊಂದನ್ನು ಸೇರಿದ ನರೇಂದ್ರನಾಥ ದತ್ತನೆಂಬ ತರುಣ ಮುಂದೆ ವಿವೇಕಾನಂದರಾದರು. 1961ರ ನವೆಂಬರಿನಲ್ಲಿ ಭಾರತಕ್ಕೆ ಪ್ರತ್ಯೇಕವಾದ ಗ್ರ್ಯಾಂಡ್ ಲಾಡ್ಜ್ ಆಯಿತು, ಅದರ ಕೇಂದ್ರ ದೆಹಲಿಯ ಜನಪಥ ರಸ್ತೆಯಲ್ಲಿದೆ. ಭಾರತದ ಲಾಡ್ಜುಗಳಲ್ಲಿ ಬೈಬಲ್ ಜೊತೆಗೆ ಭಗವದ್ಗೀತೆ, ಕುರಾನ್ ಮೊದಲಾದ ಗ್ರಂಥಗಳನ್ನೂ ಇಡುತ್ತಾರೆ, ಸಭೆಯಲ್ಲಿ ಮತದ ವಿಷಯವನ್ನೂ ರಾಜಕೀಯವನ್ನೂ ಚರ್ಚಿಸಬಾರದೆಂಬುದು ಹಳೆಯ ನಿಯಮ.

ಆರನೆಯ ಹೆಜ್ಜೆ: ಸ್ಮಾರಕ ಮತ್ತು ಮಹಾಸಭಾಂಗಣ

ಈ ಕಟ್ಟಡವನ್ನು ಸಭೆಗೆಂದು ಮಾತ್ರ ಕಟ್ಟಲಿಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದ 3,225 ಸದಸ್ಯರ ನೆನಪಿಗೆ ಕಟ್ಟಿದ್ದು ಇದು. ಇದರ ಮೊದಲ ಹೆಸರೇ ಮೇಸಾನಿಕ್ ಪೀಸ್ ಮೆಮೋರಿಯಲ್. ಹಣ ಕೂಡಿಸಲು ಹತ್ತು ಲಕ್ಷ ಪೌಂಡಿನ ಗುರಿ ಇಟ್ಟುಕೊಂಡು, ಸದಸ್ಯರೊಬ್ಬರಿಗೆ ಸರಾಸರಿ ಹತ್ತು ಗಿನಿ (ಪೌಂಡಿಗಿಂತ ತುಸು ಹೆಚ್ಚಿನ ಹಳೆಯ ಹಣದ ಲೆಕ್ಕ) ಲೆಕ್ಕದಲ್ಲಿ ಕೊಟ್ಟ ಲಾಡ್ಜುಗಳಿಗೆ ಹಾಲ್ ಸ್ಟೋನ್ ಲಾಡ್ಜ್ ಎಂಬ ಗೌರವ ಕೊಟ್ಟರು. ಅಂಥ 1,321 ಲಾಡ್ಜುಗಳ ಹೆಸರುಗಳು ಕಟ್ಟಡದ ಒಳಗೆ ದಾಖಲಾಗಿವೆ. 1927ರ ಜುಲೈನಲ್ಲಿ ಅಡಿಗಲ್ಲಿಟ್ಟು 1933ರ ಜುಲೈನಲ್ಲಿ ಅರ್ಪಣೆ ಮಾಡಿದರು. ಎಚ್. ವಿ. ಆಶ್ಲಿ ಮತ್ತು ಎಫ್. ವಿಂಟನ್ ನ್ಯೂಮನ್ ಇದರ ವಾಸ್ತುಶಿಲ್ಪಿಗಳು. ಅದೇ ವರ್ಷಗಳಲ್ಲಿ ನಮ್ಮ ಕನ್ನಂಬಾಡಿ ಕಟ್ಟೆಯ ಕಲ್ಲುಕಟ್ಟಡ ಕೊನೆಯ ಹಂತದಲ್ಲಿತ್ತು ಎಂದು ನೆನೆದರೆ ಕಾಲದ ಅಂದಾಜು ಸಿಗುತ್ತದೆ.

ಸುತ್ತಾಟದಲ್ಲಿ ಮಹಾಸಭಾಂಗಣಕ್ಕೆ ಹೋಗುವ ಮೊದಲು ಒಂದರ ಹಿಂದೆ ಒಂದರಂತೆ ಮುಮ್ಮನೆಗಳು ಬರುತ್ತವೆ. ಮೊದಲನೆಯದರಲ್ಲಿ ಬಣ್ಣದ ಗಾಜಿನ ಕಿಟಕಿಯ ಕೆಳಗೆ ಒಂದು ಕಂಚಿನ ಪೆಟ್ಟಿಗೆ ಇದೆ. ಜೊಂಡಿನ ನಡುವೆ ಬಂದು ನಿಂತ ದೋಣಿಯ ಆಕಾರ ಅದಕ್ಕೆ, ಪಯಣ ಮುಗಿಯಿತೆಂಬುದು ಅದರ ಅರ್ಥ. ಅದರೊಳಗಿನ ಸುರುಳಿಯಲ್ಲಿ ಮಡಿದವರ ಹೆಸರುಗಳಿವೆ. ಪೆಟ್ಟಿಗೆಯ ಮುಂಭಾಗದಲ್ಲಿ ಮೋಸೆಸ್, ಜೋಶುವಾ, ಸಾಲೊಮನ್, ಸೇಂಟ್ ಜಾರ್ಜ್ ಇವರ ರೂಪಗಳಿವೆ. ಶಿಲ್ಪಿ ವಾಲ್ಟರ್ ಗಿಲ್ಬರ್ಟ್. ಜೊತೆಗೆ ಬಂದವರು ಮುಂದೆ ಹೋಗಲು ಅವಸರ ಮಾಡುತ್ತಾರೆ. ನೀವು ಸಾಲಿನಲ್ಲಿ ಹಿಂದೆ ಉಳಿದುಕೊಂಡು ಇಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲಿ. ಕಟ್ಟಡದ ಉಳಿದೆಲ್ಲ ವೈಭವವೂ ಈ ಪೆಟ್ಟಿಗೆಯ ಕಾರಣದಿಂದ ಬಂದದ್ದು.

ಮಹಾಸಭಾಂಗಣದ ಕಂಚಿನ ಕದಗಳು ಒಂದೊಂದೂ ಒಂದೂಕಾಲು ಟನ್ ತೂಕದವು, ಸಾಲೊಮನ್ ದೊರೆ ದೇವಾಲಯ ಕಟ್ಟಿಸಿದ ಕಥೆ ಅವುಗಳ ಮೇಲಿದೆ. ಅಷ್ಟು ಭಾರದ ಕದ ಕೈ ಒತ್ತಿದರೆ ಸರಾಗವಾಗಿ ತಿರುಗುವುದನ್ನು ಮಾರ್ಗದರ್ಶಕರು ತೋರಿಸಿದರೆ ಅದರ ಕೀಲನ್ನು ಗಮನಿಸಿ. ಒಳಗಿನ ಸಭಾಂಗಣ 123 ಅಡಿ ಉದ್ದ, 90 ಅಡಿ ಅಗಲ, 62 ಅಡಿ ಎತ್ತರ. ಸುಮಾರು 1,700 ಜನ ಕೂರಬಹುದು. ನಡುವೆ ಕಪ್ಪು ಬಿಳಿ ಚೌಕಗಳ ಹಾಸು. ಹಿರಿಯರು ಒಂದು ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಒರಗಿಸಿ ಮೇಲ್ಛಾವಣಿಯ ಅಂಚನ್ನು ನೋಡುವುದು ಒಳ್ಳೆಯದು, ನಿಂತು ನೋಡಿದರೆ ಕತ್ತು ಹಿಡಿಯುತ್ತದೆ. ಆ ಅಂಚು ಪೂರ್ತಿ ಸಣ್ಣ ಬಣ್ಣದ ಹರಳುಗಳನ್ನು ಕೂರಿಸಿದ ಚಿತ್ರ. ನಾಲ್ಕು ಮೂಲೆಗಳಲ್ಲಿ ವಿವೇಕ, ಸಂಯಮ, ಧೈರ್ಯ, ನ್ಯಾಯ ಎಂಬ ನಾಲ್ಕು ಗುಣಗಳ ರೂಪಗಳಿವೆ. ಪೂರ್ವದಲ್ಲಿ ಸಾಲೊಮನ್ ಮತ್ತು ಟೈರ್ ದೇಶದ ದೊರೆ ಹಿರಾಮ್. ಪಶ್ಚಿಮಕ್ಕೆ ತಿರುಗಿದರೆ ಯೂಕ್ಲಿಡ್ ಮತ್ತು ಪೈಥಾಗೊರಸ್. ಕಪಾಟಿನಲ್ಲಿ ಬೆರಳಿನಷ್ಟು ತಗಡಿನಲ್ಲಿ ನೋಡಿದ ಪ್ರಮೇಯದ ಒಡೆಯರು ಇಲ್ಲಿ ದೊರೆಗಳ ಎದುರಿಗೆ ಸರಿಸಮವಾಗಿ ನಿಂತಿರುವುದನ್ನು ನೋಡಿದಾಗ ಈ ಗಣಿತದ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

ಸುತ್ತಾಟ ಮುಗಿದ ಮೇಲೆ ಕುಳಿತು ದಣಿವಾರಿಸಿಕೊಳ್ಳಲು ಕಿಂಗ್ಸ್‌ವೇ ರಸ್ತೆಯ ಆಚೆಗೆ ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಉದ್ಯಾನವಿದೆ. ಬುತ್ತಿ ಬಿಚ್ಚಲು ಅದೇ ಸರಿಯಾದ ಜಾಗ. ಅದರ ಉತ್ತರ ಅಂಚಿನಲ್ಲಿರುವ ಸರ್ ಜಾನ್ ಸೋನ್ ಸಂಗ್ರಹಾಲಯಕ್ಕೂ ಶುಲ್ಕವಿಲ್ಲ. ಈ ಸೋನ್ ಹೆಸರಾಂತ ವಾಸ್ತುಶಿಲ್ಪಿ, ಫ್ರೀಮೇಸನ್ನನೂ ಆಗಿದ್ದು ಇವರ ಹಿಂದಿನ ಸಭಾಭವನಕ್ಕೆ ಒಂದು ಕೋಣೆ ಕಟ್ಟಿಕೊಟ್ಟಿದ್ದವನು. ಅದು ಸೋಮವಾರ, ಮಂಗಳವಾರ ಮುಚ್ಚಿರುವುದರಿಂದ, ಎರಡನ್ನೂ ಒಂದೇ ದಿನ ನೋಡುವ ಆಸೆ ಇದ್ದರೆ ಗುರುವಾರವೇ ಹೊರಡಿ.

ಕೊನೆಯ ಹೆಜ್ಜೆ: ಹಳೆಯ ದಾಖಲೆ ಹುಡುಕುವವರಿಗೆ

ಮನೆತನದ ಅಜ್ಜನೋ ಮುತ್ತಜ್ಜನೋ ಹಳೆಯ ಮೈಸೂರು ಸಂಸ್ಥಾನದ ಅಥವಾ ದಂಡಿನ ಕೆಲಸದಲ್ಲಿದ್ದು ಲಾಡ್ಜಿಗೆ ಹೋಗುತ್ತಿದ್ದರು ಎಂಬ ಮಾತು ಕೆಲವರ ಮನೆಯಲ್ಲಿ ಇರುತ್ತದೆ. ಟ್ರಂಕಿನಲ್ಲಿ ಒಂದು ಪದಕ ಉಳಿದಿರುವುದೂ ಉಂಟು. ಅಂಥವರು ಸಂಗ್ರಹಾಲಯದ ಜೊತೆಗಿರುವ ಗ್ರಂಥಾಲಯವನ್ನು ಬಳಸಿಕೊಳ್ಳಬೇಕು. ಮೊದಲೇ ಪತ್ರ ಬರೆದು ಸಮಯ ಗೊತ್ತುಮಾಡಿಕೊಳ್ಳಿ. 1751ರಿಂದ 1921ರವರೆಗಿನ ಸದಸ್ಯರ ದಾಖಲಾತಿ ಪುಸ್ತಕಗಳು ವಂಶಾವಳಿ ಹುಡುಕುವ ಆನ್ಸೆಸ್ಟ್ರಿ ಜಾಲತಾಣದಲ್ಲಿ ಸಿಗುತ್ತವೆ. ಸಾಗರದಾಚೆಯ ಲಾಡ್ಜುಗಳ ಸದಸ್ಯರೂ ಅವುಗಳಲ್ಲಿದ್ದಾರೆ. ಊರಿನ ಹೆಸರಿನಿಂದ ಲಾಡ್ಜುಗಳನ್ನು ಹುಡುಕಲು ಲೇನ್ಸ್ ಮೇಸಾನಿಕ್ ರೆಕಾರ್ಡ್ಸ್ ಎಂಬ ಉಚಿತ ಪಟ್ಟಿ ಇದೆ, ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಅಡಿಯಲ್ಲಿ 1717ರಿಂದ 1894ರವರೆಗೆ ಆದ ಲಾಡ್ಜುಗಳ ವಿವರ ಅದರಲ್ಲಿ ಸಿಗುತ್ತದೆ. ಹಳೆಯ ಮೇಸಾನಿಕ್ ಪತ್ರಿಕೆಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಬ್ರಿಟನ್ನಿನ ಒಳಗಿನ ಲಾಡ್ಜುಗಳ ಬಗ್ಗೆ ಇನ್ನೊಂದು ಮೂಲವೂ ಇದೆ. ಶ್ರೀರಂಗಪಟ್ಟಣ ಬಿದ್ದ ಅದೇ 1799ರಲ್ಲಿ ಇಂಗ್ಲೆಂಡಿನ ಸಂಸತ್ತು ಗುಪ್ತ ಸಂಘಗಳ ವಿರುದ್ಧ ಒಂದು ಕಾಯ್ದೆ ಮಾಡಿ, ಪ್ರತಿ ಲಾಡ್ಜೂ ವರ್ಷಕ್ಕೊಮ್ಮೆ ಸದಸ್ಯರ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ವಿಧಿಸಿತು. ಆ ಪಟ್ಟಿಗಳು ಅಲ್ಲಿನ ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಇರುತ್ತವೆ.

ಹುಡುಕುವಾಗ ಹೆಸರುಗಳ ಹಳೆಯ ಇಂಗ್ಲಿಷ್ ರೂಪಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಜ್ಜನ ಹೆಸರನ್ನು ಅಂದಿನ ಗುಮಾಸ್ತರು ಹೇಗೆಲ್ಲ ಬರೆದಿರಬಹುದೋ ಅಷ್ಟು ರೀತಿಯಲ್ಲಿ, ಇನಿಷಿಯಲ್ ಮುಂದಿದ್ದಂತೆ ಒಮ್ಮೆ, ಹಿಂದಿದ್ದಂತೆ ಒಮ್ಮೆ ಬರೆದುಕೊಳ್ಳಿ. ಮೈಸೂರನ್ನು ಮೈಸೋರ್ ಎಂದೂ ಶ್ರೀರಂಗಪಟ್ಟಣವನ್ನು ಸೆರಿಂಗಪಟಾಮ್ ಎಂದೂ ಬೆಂಗಳೂರನ್ನು ಬ್ಯಾಂಗಲೋರ್ ಎಂದೂ ಹುಡುಕಬೇಕು. ಪಾಂಡವಪುರದವರು ತಮ್ಮ ಊರನ್ನು ಆ ಹೆಸರಿನಿಂದ ಹುಡುಕಿದರೆ ಬ್ರಿಟಿಷರ ಕಾಲದ ಕಾಗದಗಳಲ್ಲಿ ಸಿಗುವುದಿಲ್ಲ. ಅವರು ಬರೆದುಕೊಳ್ಳಬೇಕಾದ ಹೆಸರು ಫ್ರೆಂಚ್ ರಾಕ್ಸ್.